ಶಿರೂರು ರಸ್ತೆಯ ಭೂತ ಬಂಗಲೆ

ಭೂತ ಬಂಗಲೆಯನ್ನು ಕೆಡವಬೇಕು ಎಂದು ಹಟ ಹಿಡಿದವರು ಅದನ್ನು ಕಟ್ಟಿದ ನನ್ನ ಯಜಮಾನರು. ಅದರ ಒಂದು ಮೊಳೆಯನ್ನೂ ಕೀಳಬಾರದು ಎಂದು ಹಟ ಹಿಡಿದವನು, ಅದನ್ನು ಕಟ್ಟುವಾಗ ಇನ್ನೂ ಚಡ್ಡಿಯಲ್ಲಿ ಓಡಾಡುತ್ತಿದ್ದ, ಪಾರ್ಕಿನ ಮಾಲೀಕರ ಮಗ. ಇಬ್ಬರ ನಡುವೆ ನಾನು. ಲಾಕ್‌ಡೌನ್ ಮುಗಿದ ಮೇಲಿನ ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ನಮ್ಮ ಮೂಲ ವಿಜಯಪುರದ ಕಡೆ. ಯಜಮಾನರಿಗೆ ಪುಣೆ ಹತ್ತಿರದ ಚಾಕಣದಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಫಿಟರ್ ಕೆಲಸ. ಮದುವೆಯಾದ ಮೇಲೆ ಭೋಸರಿಯಲ್ಲಿ ಸಂಸಾರ ಹೂಡಿದೆವು. ಅವರು ಕಾರ್ಖಾನೆಗೆ ಹೋಗುತ್ತಿದ್ದದ್ದು ಹೊಟ್ಟೆಗಾಗಿ. ಜೀವವೆಲ್ಲ ಇದ್ದದ್ದು ಗಣಪತಿ ಹಬ್ಬದಲ್ಲಿ. ಪುಣೆಯ ಪೇಠೆಗಳಲ್ಲಿ ಗಣಪತಿಯ ಮುಂದೆ ಕೈ ಎತ್ತುವ, ತಲೆ ತಿರುಗಿಸುವ, ಗದೆ ಬೀಸುವ ಗೊಂಬೆಗಳ ದೃಶ್ಯ ಕಟ್ಟುತ್ತಾರೆ. ಹಲತಾ ದೇಖಾವಾ ಅಂತಾರೆ ಮರಾಠಿಯಲ್ಲಿ. ಇವರು ಬಂದ ಮೊದಲ ವರ್ಷ ಅದನ್ನು ನೋಡಿ ಮನೆಗೆ ಬಂದು ಊಟ ಮಾಡದೆ ಕೂತುಬಿಟ್ಟಿದ್ದರು. ಮರುವರ್ಷದಿಂದ ಗಣಪತಿ ಕೂಡಿಸುವ ಒಂದು ಮಂಡಳದವರ ಜೊತೆ ಸೇರಿಕೊಂಡರು. ರವಿವಾರ ಬಂತೆಂದರೆ ಜುನಾ ಬಜಾರಿಗೆ ಹೋಗಿ ಗುಜರಿಯಲ್ಲಿ ಕಾರಿನ ವೈಪರ್ ಮೋಟರು, ಸೈಕಲ್ ಚೈನು ಆರಿಸಿಕೊಂಡು ಬರುವುದು, ನಾನು ಪಾತ್ರೆ ತೊಳೆಯುವ ಜಾಗದಲ್ಲೇ ಅದನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆಯುವುದು. ಗಾಡಿಯ ಗಾಜು ಒರೆಸುತ್ತಿದ್ದ ಮೋಟರು ನಮ್ಮ ಮನೆಯಲ್ಲಿ ರಾಕ್ಷಸನ ಕೈ ಎತ್ತುತ್ತಿತ್ತು. ಗೊಂಬೆಗಳಿಗೆ ಬಟ್ಟೆ ಹೊಲಿಯುವುದು ನನ್ನ ಪಾಲು.

ಹಾಗೆ ಒಂದು ವರ್ಷ ಇವರು ಮಾಡಿದ ಕಣ್ಣು ಹೊರಳಿಸುವ ಅಸುರನನ್ನು ಹೋಟೆಲ್ ಮಾಲೀಕರೊಬ್ಬರು ನೋಡಿದರು. ಕುಂದಾಪುರದ ಕಡೆಯವರು, ಪುಣೆಯಿಂದ ಶಿರೂರಿಗೆ ಹೋಗುವ ರಸ್ತೆಯಲ್ಲಿ ದೊಡ್ಡ ಹೋಟೆಲು. ಹೋಟೆಲಿನ ಹಿಂದೆ ಖಾಲಿ ಜಾಗವಿತ್ತು. ಅಲ್ಲಿ ಉಯ್ಯಾಲೆ, ಪುಟ್ಟ ರೈಲು, ತಿರುಗುವ ಕುದುರೆ ಹಾಕಿಸಿ ಪಾರ್ಕು ಮಾಡಿದ್ದರು. ವಿಳಾಸ ಹುಡುಕಿಕೊಂಡು ನಮ್ಮ ಮನೆಗೇ ಬಂದರು. ಕನ್ನಡದವರು ಎಂದು ಗೊತ್ತಾದಾಗ ಅವರಿಗಾದ ಸಂತೋಷ ಹೇಳತೀರದು.

“ನನಗೊಂದು ಭೂತ ಬಂಗಲೆ ಬೇಕು ಮಾರಾಯ್ರೆ,” ಎಂದರು. “ಮಕ್ಕಳು ಒಳಗೆ ಹೋಗಿ ಹೆದರಿ ಹೊರಗೆ ಬರ್ಬೇಕು. ಬಂದವ್ರು ಪುನಃ ಹೋಗ್ಬೇಕು.”

ಮಾಡಿದರು. ಕಾರ್ಖಾನೆಯ ಪಾಳಿ ಮುಗಿಸಿ ಹೋಗಿ, ರಜಾ ಹಾಕಿ ಹೋಗಿ, ಮಳೆಗಾಲವಿಡೀ ಕೂತು ಮಾಡಿದರು. ನಾಲ್ಕು ಜನ ಕೂಡುವ ಗಾಡಿಯೊಂದು ಹಳಿಯ ಮೇಲೆ ಕತ್ತಲೆಯೊಳಗೆ ಹೋಗುತ್ತದೆ. ಬಾಗಿಲು ತಾನಾಗಿ ತೆರೆಯುತ್ತದೆ. ಮೊದಲು ಹೊರಸಿನ ಮೇಲೆ ಮಲಗಿದ ಎಲುಬಿನ ಹಂದರ ಏಳುತ್ತದೆ. ಮುಂದೆ ಬಾವಿಯೊಳಗಿಂದ ಕೂದಲು ಮೇಲೆ ಬರುತ್ತದೆ. ಅದರ ಮುಂದೆ ಒಬ್ಬ ಮುದುಕಿ ಕೂತು ಹಿಟ್ಟು ಬೀಸುತ್ತಿರುತ್ತಾಳೆ; ಗಾಡಿ ಹತ್ತಿರ ಬಂದಾಗ ಅವಳ ತಲೆ ಮಾತ್ರ ತಿರುಗಿ ನೋಡುತ್ತದೆ. ಕೊನೆಗೆ ಬಿಳಿ ಸೀರೆಯ ದೆವ್ವ, ಪಾದ ಹಿಂದುಮುಂದಾದವಳು, ಎತ್ತರದಿಂದ ಬಾಗಿ ನಗುತ್ತಾಳೆ.

ಆ ನಗುವೇ ಕಷ್ಟವಾಯಿತು. ಮಾಲೀಕರು ಎಲ್ಲಿಂದಲೋ ಒಂದು ಕ್ಯಾಸೆಟ್ ತಂದುಕೊಟ್ಟಿದ್ದರು. ಇವರಿಗೆ ಅದು ಹಿಡಿಸಲಿಲ್ಲ. ಒಂದು ಮಧ್ಯಾಹ್ನ, ಮಗಳು ಬಾಲವಾಡಿಗೆ ಹೋಗಿದ್ದಾಗ, ನಾನು ಮಷೀನಿನಲ್ಲಿ ಅದೇ ದೆವ್ವದ ಸೀರೆಗೆ ಅಂಚು ಹೊಲಿಯುತ್ತಿದ್ದೆ. ಇವರು ಟೇಪ್ ರಿಕಾರ್ಡರ್ ತಂದು ನನ್ನ ಮುಂದಿಟ್ಟರು.

“ನೀ ಒಮ್ಮೆ ನಕ್ಕು ನೋಡು.”

“ನನ್ನ ಯಾಕ ನಗಸ್ತೀರಿ? ನಾ ನಕ್ಕರ ಕೋಳಿ ಕೂಗಿದಂಗ ಇರ್ತದ.”

“ಕೊಡದಾಗ ಬಾಯಿ ಇಟ್ಟು ನಗು. ನನ್ನ ಮಾತು ಕೇಳು.”

ತಾಮ್ರದ ಕೊಡ ಮಡಿಲಲ್ಲಿಟ್ಟುಕೊಂಡು, ಅದರೊಳಗೆ ಮುಖ ಇಟ್ಟು ನಕ್ಕೆ. ಮೊದಲು ನಾಚಿಕೆಯಿಂದ ಸಣ್ಣಗೆ ನಕ್ಕೆ. ಆಮೇಲೆ ಕೊಡದೊಳಗಿಂದ ನನ್ನದೇ ದನಿ ದುಂಡಗಾಗಿ ತಿರುಗಿ ಕಿವಿಗೆ ಬಂದು ಬಡಿದಾಗ ನಿಜವಾಗಿಯೂ ನಗು ಬಂತು. ನಿಲ್ಲಿಸಲಾಗಲಿಲ್ಲ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಪಕ್ಕದ ಮನೆಯ ಮರಾಠಿ ಹೆಂಗಸು ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಓಡಿ ಬಂದು, “ಕಾಯ್ ಝಾಲಂ ಗ?” ಎಂದು ಕೇಳಿದಳು. ಏನಾಯಿತೆಂದು ಹೇಳಲೂ ನನ್ನಿಂದ ಆಗಲಿಲ್ಲ. ಆ ನಗುವೇ ಭೂತ ಬಂಗಲೆಗೆ ಹೋಯಿತು.

ಬಂಗಲೆ ನಡೆಯಿತು. ರವಿವಾರ ಕಾಯುವವರ ಸಾಲು ಹೋಟೆಲಿನ ಮುಂದಿನ ಗಾಡಿ ನಿಲ್ಲಿಸುವ ಜಾಗದವರೆಗೂ ಬರುತ್ತಿತ್ತು. ಮಕ್ಕಳು ಅಳುತ್ತ ಹೊರಗೆ ಬಂದು, ಮೂಗು ಒರೆಸಿಕೊಂಡು ಮತ್ತೆ ಸಾಲಿನಲ್ಲಿ ನಿಲ್ಲುತ್ತಿದ್ದವು. ಇವರು ಎಣ್ಣೆ ಹಾಕುವ ನೆವ ಮಾಡಿಕೊಂಡು ಹೋಗಿ, ಗಾಡಿ ಹೊರಗೆ ಬರುವ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖ ನೋಡುತ್ತಿದ್ದರು. ಮಾಲೀಕರ ಮಗ ಶಾಲೆ ಬಿಟ್ಟ ಮೇಲೆ ಇವರ ಬೆನ್ನಿಗೇ ಇರುತ್ತಿದ್ದ. ಇವರನ್ನು ಕಾಕಾ, ನನ್ನನ್ನು ಕಾಕೂ ಅನ್ನುತ್ತಿದ್ದ.

ವರ್ಷಗಳು ಕಳೆದವು. ಮಗಳ ಓದು, ಮದುವೆ, ಇವರ ನಿವೃತ್ತಿ. ಮೊಣಕಾಲಿನ ನೋವು ಶುರುವಾದ ಮೇಲೆ ಶಿರೂರು ರಸ್ತೆಯ ಕಡೆ ಹೋಗುವುದು ಕಡಿಮೆಯಾಯಿತು. ಕೊರೊನಾ ಬಂದಾಗ ಪಾರ್ಕು ಮುಚ್ಚಿತು. ಆ ಕಾಲದಲ್ಲೇ ಮಾಲೀಕರು ತೀರಿಕೊಂಡರು. ಮಣ್ಣಿಗೂ ಹೋಗಲಾಗಲಿಲ್ಲ ಎಂದು ಇವರು ಬಹಳ ದಿನ ಕೊರಗಿದರು.

ಆಮೇಲೆ ಒಂದು ದಿನ ಅವರ ಮಗನ ಫೋನು ಬಂತು. “ಕಾಕಾ, ಪಾರ್ಕ್ ಪುನಃ ತೆರೆದಿದ್ದೇನೆ. ಬೇರೆಲ್ಲ ಹೊಸತು ಹಾಕಿಸಿದೆ. ನಿಮ್ಮ ಭೂತ ಬಂಗಲೆ ಮಾತ್ರ ಹಾಗೆಯೇ ಉಂಟು, ಒಂದು ಚೂರೂ ಮುಟ್ಟಲಿಲ್ಲ. ಜನ ಅದಕ್ಕೇ ಬರ್ತಾರೆ. ನೀವೂ ಕಾಕೂ ಒಮ್ಮೆ ಬರ್ಬೇಕು.”

ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟರು. ನಾನು ಮಾಲೀಕರ ಮಗನಿಗೆಂದು ಶೇಂಗಾ ಹೋಳಿಗೆ ಕಟ್ಟಿಕೊಂಡೆ.

ಭೂತ ಬಂಗಲೆಯ ಗಾಡಿಯಲ್ಲಿ ಅಂದು ನಮ್ಮ ಮುಂದಿನ ಸೀಟಿಗೆ, ಪುಣೆಯ ವಾಕಡದಿಂದ ಬಂದಿದ್ದ ಅಪ್ಪ, ಮಗ. ಅಪ್ಪನಿಗೆ ಮೂವತ್ತೈದು ದಾಟಿರಬಹುದು, ಐಟಿ ಕಂಪನಿಯ ಗುರುತು ಚೀಟಿಯ ಪಟ್ಟಿ ಇನ್ನೂ ಕೊರಳಲ್ಲೇ ಇತ್ತು. ತಾನು ಸಣ್ಣವನಿದ್ದಾಗ ಇಲ್ಲಿಗೆ ಬರುತ್ತಿದ್ದೆ ಎಂದು ಮಗನಿಗೆ ಮರಾಠಿಯಲ್ಲಿ ಹೇಳುತ್ತಲೇ ಇದ್ದ. ಗಾಡಿ ಒಳಗೆ ಹೋಯಿತು. ಹಂದರ ಎದ್ದಿತು, ಅರ್ಧಕ್ಕೆ ಬಂದು ಕಟಕಟ ಎಂದು ನಿಂತು, ಮತ್ತೆ ಎದ್ದಿತು. ಅಪ್ಪ ಚಪ್ಪಾಳೆ ತಟ್ಟಿ ನಕ್ಕ. “ಸೇಮ್ ಟು ಸೇಮ್! ಆಗಲೂ ಹೀಗೇ ಸಿಕ್ಕಿಕೊಳ್ಳುತ್ತಿತ್ತು!” ಎಂದು ಫೋನಿನಲ್ಲಿ ಹಿಡಿದುಕೊಂಡ. ಬಾವಿಯ ಕೂದಲಿಗೆ ನಕ್ಕ, ಮುದುಕಿಗೆ ನಕ್ಕ. ಮಗ ಒಂದು ಸಲ ಆಕಳಿಸಿದ. ಕೊನೆಗೆ ಬಿಳಿ ಸೀರೆಯವಳು ಬಾಗಿದಾಗ, ಮಸುಕು ಮಸುಕಾಗಿ ನನ್ನ ಹಳೆಯ ನಗು ಕೇಳಿದಾಗ, ಅಪ್ಪ ಕರಗಿಹೋದ. “ಸೋ ಕ್ಯೂಟ್!” ಎಂದ.

ಕತ್ತಲೆಯಲ್ಲಿ ಇವರ ಮುಖ ನನಗೆ ಕಾಣಲಿಲ್ಲ.

ಹೊರಗೆ ಬಂದ ಮೇಲೆ ಮಾಲೀಕರ ಹುಡುಗ ನಮ್ಮನ್ನು ಹೋಟೆಲಿನಲ್ಲಿ ಕೂಡಿಸಿ ಕಾಫಿ ತರಿಸಿದ. ಹುಡುಗ ಎನ್ನುತ್ತೇನೆ, ಅವನಿಗೂ ಈಗ ಮದುವೆಯಾಗಿ ಮಗುವಿದೆ.

“ನೋಡಿದ್ರಾ ಕಾಕಾ? ಎಲ್ರೂ ಎಷ್ಟು ಖುಷಿಯಲ್ಲಿದ್ರು!”

“ನಗಲಿಕ್ಕತ್ತಿದ್ರು,” ಎಂದರು ಇವರು.

“ಹೌದು, ಅದೇ ಹೇಳಿದ್ದು.”

“ನಾ ಅದನ್ನ ಮಾಡಿದ್ದು ಮಂದಿ ಅಂಜಲಿ ಅಂತ, ತಮ್ಮಾ. ನಗಲಿ ಅಂತ ಅಲ್ಲ. ಕೆಡವು ಅದನ್ನ. ಹೊಸಾದು ಮಾಡಿಕೊಡ್ತೀನಿ.”

ಹುಡುಗನ ಮುಖ ಸಪ್ಪಗಾಯಿತು. ಇವರು ತಮಾಷೆ ಮಾಡುತ್ತಿದ್ದಾರೇನೋ ಎಂದು ನನ್ನ ಕಡೆ ನೋಡಿದ. ನಾನು ಲೋಟದೊಳಗೆ ನೋಡುತ್ತ ಕೂತೆ.

“ಕಾಕಾ, ನೀವೇ ಹೀಗೆ ಹೇಳಿದ್ರೆ ಹೇಗೆ? ಆ ಹಂದರ ಅರ್ಧಕ್ಕೆ ನಿಂತು ಏಳ್ತದಲ್ಲ, ಅದನ್ನು ನೋಡ್ಲಿಕ್ಕೇ ಊರಿನ ಆ ತುದಿಯಿಂದ ಜನ ಬರ್ತಾರೆ.”

“ಅದು ಹಂಗ ಏಳೂದು ನನ್ನ ಕೈಚಳಕ ಅಲ್ಲಪಾ. ಅವತ್ತ ಅದಕಿಂತ ಛಲೋ ಮೋಟರ್ ಸಿಗಲಿಲ್ಲ, ಅದಕ್ಕ ಹಂಗ ಆತು. ನನಗ ಆಗದ ಇದ್ದದ್ದನ್ನ ನೀವೆಲ್ಲಾ ಚಂದ ಅನ್ನಾಕತ್ತೀರಿ.”

ಹುಡುಗ ತಗ್ಗಿದ ದನಿಯಲ್ಲಿ ಹೇಳಿದ: “ಹೋಟೆಲಿನಲ್ಲಿ ಪಪ್ಪ ಹಾಕಿಸಿದ ಒಂದು ಮೇಜೂ ಈಗ ಇಲ್ಲ. ನಾನೇ ಬದಲಾಯಿಸಿದೆ, ಬದಲಾಯಿಸದಿದ್ರೆ ನಡೀತಿರಲಿಲ್ಲ. ಪಪ್ಪ ಮಾಡಿದ್ದರಲ್ಲಿ ಉಳಿದದ್ದು ಇದೊಂದೇ. ಸಂಜೆ ಹೊತ್ತು ಸುಸ್ತಾದ್ರೆ ನಾನು ಒಬ್ನೇ ಗಾಡಿಯಲ್ಲಿ ಕೂತು ಒಂದು ಸುತ್ತು ಹೋಗಿ ಬರ್ತೇನೆ ಕಾಕಾ.”

ನನಗೆ ಇಬ್ಬರದೂ ಸರಿ ಅನ್ನಿಸಿತು. ಹಾಗನ್ನಿಸಿದ್ದೇ ನನ್ನ ಕಷ್ಟ. ಬಸ್ಸು ಹತ್ತಿ ಭೋಸರಿಗೆ ಬಂದೆವು. ಇಳಿಯುವಾಗ ಇವರದು ಒಂದೇ ಮಾತು: “ಕ್ಯೂಟ್ ಅಂತ. ದೆವ್ವಕ್ಕ.”

ವಾರಗಟ್ಟಲೆ ಫೋನಿನಲ್ಲಿ ಜಗ್ಗಾಟ ನಡೆಯಿತು. ಕೊನೆಗೆ ಹುಡುಗ ಅರ್ಧ ಸೋತ. ಕೊನೆಯ ದೆವ್ವವೊಂದನ್ನು ಕಾಕಾ ಬೇಕಾದ ಹಾಗೆ ಬದಲಾಯಿಸಲಿ. ಜನಕ್ಕೆ ಹಿಡಿಸಿದರೆ ಉಳಿದದ್ದನ್ನು ನೋಡೋಣ. ಆದರೆ ಹಳೆಯದನ್ನು ಒಡೆಯಬಾರದು, ಪಕ್ಕಕ್ಕೆ ಎತ್ತಿಡಬೇಕು. ಇವರು ಒಪ್ಪಿದರು.

ನಿವೃತ್ತಿಯಾದ ಮೇಲೆ ಅವರನ್ನು ಅಷ್ಟು ಉತ್ಸಾಹದಲ್ಲಿ ನಾನು ನೋಡಿರಲಿಲ್ಲ. ಗಾಡಿ ಹತ್ತಿರ ಬಂದದ್ದನ್ನು ತಾನೇ ತಿಳಿದುಕೊಳ್ಳುವ ಸೆನ್ಸರ್ ತಂದರು, ಸದ್ದಿಲ್ಲದೆ ತಿರುಗುವ ಮೋಟರು ತಂದರು. ಕಪ್ಪು ಬಟ್ಟೆಯ, ಮುಖವೇ ಇಲ್ಲದ ಒಂದು ಆಕಾರ. ಅದು ಮಾಡಿನಿಂದ ಥಟ್ಟನೆ ಇಳಿದು ಗಾಡಿಯಲ್ಲಿ ಕೂತವರ ಮುಖದ ಹತ್ತಿರ ಬಂದು ನಿಲ್ಲಬೇಕು. ಬಟ್ಟೆ ನಾನೇ ಹೊಲಿದೆ. ಹೊಲಿಯುವಾಗ ಅಳತೆಗೆಂದೂ ಅದನ್ನು ಮೈಮೇಲೆ ಹಾಕಿಕೊಳ್ಳಲು ಮನಸ್ಸಾಗಲಿಲ್ಲ.

ಹೊಸ ನಗುವನ್ನು ತವರಿಗೆ ಬಂದಿದ್ದ ಮಗಳು ತನ್ನ ಫೋನಿನಲ್ಲಿ ಹುಡುಕಿಕೊಟ್ಟಳು. ಗುಹೆಯೊಳಗಿಂದ ಬಂದಂಥ, ಗಂಡಸಿನದೋ ಹೆಂಗಸಿನದೋ ತಿಳಿಯದ ನಗು. ಇವರು ಅದನ್ನು ಮತ್ತೆ ಮತ್ತೆ ಹಾಕಿ ಕೇಳಿದರು. ನಾನು ರೊಟ್ಟಿ ಬಡಿಯುತ್ತಿದ್ದೆ.

“ನನ್ನ ದನಿ ಏನ್ ತಪ್ಪು ಮಾಡ್ಯದ?” ಎಂದು ಕೇಳಿದೆ.

“ತಪ್ಪು ಅಲ್ಲ. ಹಳೇದಾಗ್ಯದ.”

“ನಾನೂ ಹಳೇಕಿ ಆಗೀನಲ್ರೀ.”

ಇವರು ಫೋನು ಬದಿಗಿಟ್ಟರು. ನಾನು ಇನ್ನೊಂದು ರೊಟ್ಟಿ ಬಡಿಯಲು ಹಿಟ್ಟು ತೆಗೆದುಕೊಂಡೆ. ಅಷ್ಟು ವರ್ಷ ಶಿರೂರು ರಸ್ತೆಯಲ್ಲಿ ಯಾರ್ಯಾರದೋ ಮಕ್ಕಳನ್ನು ಅಳಿಸುತ್ತ ನನ್ನ ನಗು ಒಂದು ಇತ್ತು ಎಂಬುದೇ ನನಗೆ ಒಳಗೊಳಗೆ ಹೆಮ್ಮೆ. ತೆಗೆದರು ಎಂದಾಗ ಅದು ಗೊತ್ತಾಯಿತು.

ಹೊಸ ದೆವ್ವವನ್ನು ಕೂಡಿಸಿದ ರವಿವಾರ ನಾವಿಬ್ಬರೂ ಕಪ್ಪು ಪರದೆಯ ಹಿಂದಿನ ಓಣಿಯಲ್ಲಿ ನಿಂತು ನೋಡಿದೆವು. ಮೊದಲ ಗಾಡಿಯಲ್ಲಿ ಕಾಲೇಜು ಹುಡುಗರು. ಮುದುಕಿಯನ್ನೆಲ್ಲ ಗೇಲಿ ಮಾಡುತ್ತ, ಶಿಳ್ಳೆ ಹೊಡೆಯುತ್ತ ಬಂದರು. ಕಪ್ಪು ಆಕಾರ ಇಳಿಯಿತು ನೋಡಿ, ಅವರಲ್ಲೇ ದಾಂಡಿಗನಂತಿದ್ದವನು ಚೀರಿ ಪಕ್ಕದವನ ಕೊರಳಿಗೆ ಜೋತುಬಿದ್ದ. ಇವರು ನನ್ನ ಕೈ ಹಿಡಿದು ಒತ್ತಿದರು. ಮದುವೆಯಾದ ಹೊಸತರಲ್ಲಿ ಒತ್ತಿದ ಹಾಗೆ.

ಮುಂದಿನ ಗಾಡಿಯಲ್ಲಿ ಒಬ್ಬ ಅಜ್ಜಿ, ಆರೇಳು ವರ್ಷದ ಮೊಮ್ಮಗಳು. ಹುಡುಗಿ ಹಂದರಕ್ಕೆ ಕೈ ಬೀಸಿತು. ಮುದುಕಿಯನ್ನು ನೋಡಿ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಸಂದಿನಿಂದ ಇಣುಕಿತು. ಆಮೇಲೆ ಕಪ್ಪು ಆಕಾರ ಇಳಿಯಿತು. ಇವರು ಚೀರಾಟಕ್ಕೆ ಕಾದರು. ಚೀರಾಟ ಬರಲಿಲ್ಲ. ಏನೂ ಬರಲಿಲ್ಲ. ಫೋನಿನ ನಗು ನಕ್ಕು ಮುಗಿಯಿತು, ಗಾಡಿ ಹೊರಗೆ ಹೋಯಿತು. ನಾವು ಓಣಿಯಿಂದ ಹೊರಗೆ ಬಂದೆವು.

ಹುಡುಗಿ ಸೀಟಿನಲ್ಲೇ ಕೂತಿತ್ತು. ಕಣ್ಣು ತೆರೆದೇ ಇವೆ, ಮುಷ್ಟಿ ಬಿಗಿದಿದೆ, ಫ್ರಾಕು ಒದ್ದೆಯಾಗಿದೆ. ಅಜ್ಜಿ ಗಲ್ಲ ತಟ್ಟಿ, “ಬೋಲ್ ಗ ಬಾಳಾ, ಬೋಲ್,” ಎಂದು ಮಾತಾಡಿಸುತ್ತಿದ್ದಾಳೆ. ಮಗು ಮಾತಾಡುತ್ತಿಲ್ಲ. ಅಜ್ಜಿ ತಲೆ ಎತ್ತಿ ನಮ್ಮನ್ನು ನೋಡಿದಳು. ಸಣ್ಣ ಮಕ್ಕಳನ್ನು ಹೀಗೆ ಹೆದರಿಸುತ್ತಾರೇನು ಎಂದು ಮರಾಠಿಯಲ್ಲಿ ಕೇಳಿದಳು. ಬಯ್ಯಲೂ ಇಲ್ಲ, ಸುಮ್ಮನೆ ಕೇಳಿದಳು. ಬಯ್ದಿದ್ದರೆ ಇವರು ತಡೆದುಕೊಳ್ಳುತ್ತಿದ್ದರು.

ಮೊಣಕಾಲಿನ ನೋವಿದ್ದರೂ ಇವರು ನೆಲದ ಮೇಲೆ ಕೂತರು. ಮಗುವಿನ ಮುಖಕ್ಕೆ ಸಮನಾಗಿ ಕೂತು, ಮರಾಠಿಯಲ್ಲಿ ಮೆಲ್ಲಗೆ ಕೇಳಿದರು: “ಆ ಕರಿಯ ದೆವ್ವ ಏನು ತಿನ್ನುತ್ತೆ ಗೊತ್ತೇನವ್ವಾ?”

ತಾವೇ ಉತ್ತರ ಹೇಳಿದರು.

“ಗ್ರೀಸು ತಿನ್ನುತ್ತೆ. ಬರೀ ಗ್ರೀಸು. ದಿನಾ ನಾನೇ ತಿನ್ನಿಸೋದು. ತಿನ್ನಿಸದಿದ್ದರೆ ಕಿರ್ ಕಿರ್ ಅಂತ ಅಳುತ್ತೆ.”

ಎಷ್ಟೋ ಹೊತ್ತಿನ ಮೇಲೆ ಮಗುವಿನ ತುಟಿ ಅಲುಗಿತು. “ಗ್ರೀಸ್ ಮ್ಹಣಜೆ?” ಗ್ರೀಸ್ ಎಂದರೆ ಏನು ಎಂದು ಕೇಳಿತು. ಅಜ್ಜಿ ಉಸಿರು ಬಿಟ್ಟಳು. ನಾನೂ ಬಿಟ್ಟೆ.

ನಾನು ಮಗುವನ್ನು ಹೋಟೆಲಿನ ಬಚ್ಚಲಿಗೆ ಕರೆದುಕೊಂಡು ಹೋಗಿ ತೊಳೆದೆ. ಬದಲಿಗೆ ಬಟ್ಟೆ ಇರಲಿಲ್ಲ. ಎತ್ತಿಟ್ಟಿದ್ದ ಹಳೆಯ ದೆವ್ವದ ಸೀರೆಯನ್ನು ಹಿಂದಿನ ದಿನವೇ ಒಗೆದು ಮಡಿಸಿದ್ದೆ. ಅದನ್ನೇ ನಾಲ್ಕು ಸುತ್ತು ಸುತ್ತಿದೆ. ಮಗು ಸೆರಗು ಎಳೆದುಕೊಂಡು ತಿರುಗಿ ಬಂತು. ಬಂದದ್ದೇ ಇವರ ಮುಂದೆ ನಿಂತು, ಗ್ರೀಸು ತೋರಿಸು ಎಂದಿತು.

ಇವರು ಅಜ್ಜಿಯ ಕಡೆ ನೋಡಿದರು. ಅಜ್ಜಿ ತಲೆಯಾಡಿಸಿದಳು. ಇವರು ಹುಡುಗನಿಗೆ ಗಾಡಿ ನಿಲ್ಲಿಸಿ ಒಳಗಿನ ದೀಪವೆಲ್ಲ ಹಾಕಲು ಹೇಳಿದರು. ರಿಪೇರಿಗೆಂದು ಹಾಕಿಸಿದ್ದ ಟ್ಯೂಬ್‌ಲೈಟುಗಳು. ಬಂಗಲೆ ಕಟ್ಟಿದಾಗಿನಿಂದ ಹೊರಗಿನವರು ಯಾರೂ ಅದನ್ನು ಬೆಳಕಿನಲ್ಲಿ ನೋಡಿರಲಿಲ್ಲ.

ಮಗು ಅಜ್ಜಿಯ ಕೈ ಹಿಡಿದು ಹಳಿಯ ಮೇಲೆ ನಡೆದು ಹೋಯಿತು. ಇವರು ಪ್ರತಿಯೊಂದನ್ನೂ ತೋರಿಸಿದರು. ಬಾವಿಯ ಕೂದಲು ತೆಂಗಿನ ನಾರು. ಹಂದರವನ್ನು ಎಬ್ಬಿಸುವುದು ಗಾಡಿಯ ಗಾಜು ಒರೆಸುತ್ತಿದ್ದ ಮೋಟರು. ಮುದುಕಿಯ ಕುತ್ತಿಗೆಯೊಳಗೆ ಸೈಕಲ್ ಚೈನು. ಮಗು ಮುದುಕಿಯ ಹಿಂದೆ ಹೋಗಿ ನೋಡಿ ಬೆರಗಾಯಿತು. ಮುಂದಿನಿಂದ ಮಾತ್ರ ಮುದುಕಿ, ಹಿಂದೆ ಬರೀ ಬಿದಿರು, ರದ್ದಿ ಪೇಪರು. “ಹಿಲಾ ಪಾಠಚ್ ನಾಹೀ!” ಎಂದಿತು. ಇವಳಿಗೆ ಬೆನ್ನೇ ಇಲ್ಲ ಅಂತ. ಕೊನೆಗೆ ಕಪ್ಪು ಆಕಾರದ ಸ್ವಿಚ್ಚನ್ನು ಇವರು ಅದರ ಕೈಗೇ ಕೊಟ್ಟರು. ಮಗು ಒತ್ತಿತು, ಅದು ಇಳಿಯಿತು. ಮತ್ತೆ ಒತ್ತಿತು, ಏರಿತು. ಮೂರು ನಾಲ್ಕು ಸಲ ಇಳಿಸಿ ಏರಿಸಿ, ನಗು ಕೇಳಿಸಿದಾಗ ಕೇಳಿತು: “ಇದು ಯಾರು ನಗುವುದು?”

ಇವರು, ಫೋನಿನಲ್ಲಿ ಬಂದದ್ದು ಎಂದರು. ಫೋನಿನೊಳಗೆ ಯಾರು ಎಂದು ಮಗು ಬಿಡಲಿಲ್ಲ. ಗೊತ್ತಿಲ್ಲವ್ವಾ ಎಂದರು.

ಅಷ್ಟರಲ್ಲಿ ಹೊರಗೆ ಸಾಲಿನಲ್ಲಿದ್ದ ಮಕ್ಕಳಿಗೆ ಒಳಗೆ ದೀಪ ಹಾಕಿದ್ದು ಗೊತ್ತಾಗಿತ್ತು. “ಆಮ್ಹಾಲಾ ಪಣ ದಾಖವಾ ನಾ ಕಾಕಾ!” ನಮಗೂ ತೋರಿಸಿ ಎಂಬ ಗದ್ದಲ. ಇವರು ಎಲ್ಲರನ್ನೂ ಒಳಗೆ ಕರೆದರು. ಮಕ್ಕಳ ಹಿಂದೆ ಅವರ ಅಪ್ಪಂದಿರು, ಶಿಳ್ಳೆ ಹೊಡೆದಿದ್ದ ಕಾಲೇಜು ಹುಡುಗರು. ಚೈನು ಹೇಗೆ ಕೂತಿದೆ, ಬಾಗಿಲು ತಾನಾಗಿ ಹೇಗೆ ತೆರೆಯುತ್ತದೆ, ಒಬ್ಬೊಬ್ಬರದೂ ಒಂದೊಂದು ಪ್ರಶ್ನೆ. ಇವರು ಮೊಣಕಾಲು ಮರೆತು ಸಂಜೆಯವರೆಗೂ ನಿಂತರು. ಹುಡುಗ ಮಾತ್ರ ನನ್ನ ಹತ್ತಿರ ಬಂದು ಪಿಸುಗುಟ್ಟಿದ: “ಕಾಕೂ, ಒಳಗಿನದ್ದೆಲ್ಲ ತೋರಿಸಿದ್ರೆ ಇನ್ನು ಹೆದರುವವರು ಯಾರು?”

ನನಗೂ ಅದೇ ಅಂಜಿಕೆ ಇತ್ತು.

ಬಸ್ಸಿನಲ್ಲಿ ಇವರು ಕಿಟಕಿಗೆ ತಲೆ ಆನಿಸಿ ಕೂತಿದ್ದರು. “ಇವತ್ತ ಯಾರೂ ನಗಲಿಲ್ಲ ನೋಡು,” ಎಂದರು. ಸ್ವಲ್ಪ ದೂರ ಹೋದ ಮೇಲೆ, “ಆ ಕೂಸು ಹಂಗ ಕೂತಿದ್ದು ಕಣ್ಣ ಮುಂದಿಂದ ಹೋಗವಲ್ದು,” ಎಂದರು. ಹೆದರಿಸಬೇಕು ಎಂದು ಅಷ್ಟು ವರ್ಷ ಬಯಸಿದವರು ನಿಜವಾದ ಹೆದರಿಕೆಯನ್ನು ನೋಡಿದ್ದು ಅಂದೇ ಇರಬೇಕು. ಮೊದಲೆಲ್ಲ ಅಳುತ್ತ ಹೊರಬಂದ ಮಕ್ಕಳು ಮತ್ತೆ ಸಾಲಿಗೆ ಓಡುತ್ತಿದ್ದವು. ಕತ್ತಲೆಯೊಳಗೆ ಈ ಮಗು ಮತ್ತೆ ಹೋಗುತ್ತಿರಲಿಲ್ಲ.

ಮರುವಾರ ಹೋಗಿ ಕಪ್ಪು ಆಕಾರವನ್ನು ತಾವೇ ಇಳಿಸಿದರು. ಬಿಳಿ ಸೀರೆಯವಳು ಮತ್ತೆ ತನ್ನ ಜಾಗಕ್ಕೆ ಬಂದಳು. ಫ್ರಾಕು ಒಣಗಿದ ಮೇಲೆ ಮಗು ಬಿಚ್ಚಿಕೊಟ್ಟಿದ್ದ ಸೀರೆಗೆ ನಾನು ಇಸ್ತ್ರಿ ಮಾಡಿದ್ದೆ. ಇವರು ಅದನ್ನು ಮುದ್ದೆ ಮಾಡಿ ಉಡಿಸಿದರು. ನಗುವಿನ ಮಾತು ಬಂದಾಗ ಇವರೇ ಹುಡುಗನಿಗೆ ಹೇಳಿದರು: “ಇವಳದ ಹಾಕು. ಯಾರು ನಗ್ತಾರ ಅಂತ ಕೂಸುಗೋಳು ಕೇಳಿದ್ರ ಇವಳನ್ನ ತೋರಸಬಹುದು.” ಹುಡುಗ ಆ ಹಳೆಯ ಕ್ಯಾಸೆಟ್ಟನ್ನು ಯಾರ ಹತ್ತಿರವೋ ಕೊಟ್ಟು ಶುದ್ಧ ಮಾಡಿಸಿ ತಂದ. ಮಸುಕು ಹೋಗಿ, ಕೊಡದ ತಾಮ್ರದ ಗುಂಗು ಕೂಡ ಕೇಳಿಸುವ ಹಾಗಾಯಿತು. ಅದನ್ನು ಕೇಳಿ ನನಗೆ ನನ್ನ ಪ್ರಾಯದ ದನಿ ಗುರುತು ಸಿಗಲಿಲ್ಲ. ಇವರಿಗೆ ಸಿಕ್ಕಿತು.

ಇವರೂ ಹುಡುಗನೂ ಕೂತು ಒಂದು ಒಪ್ಪಂದಕ್ಕೆ ಬಂದರು. ಮೊದಲ ಸುತ್ತು ಕತ್ತಲೆಯಲ್ಲಿ, ಮೊದಲಿನ ಹಾಗೆಯೇ. ಆಮೇಲೆ ದೀಪ ಹಾಕಿ ಅದೇ ಗಾಡಿಯಲ್ಲಿ ಇನ್ನೊಂದು ಸುತ್ತು, ನಿಧಾನವಾಗಿ. ಹಂದರದ ಮೋಟರು ಬದಲಾಯಿಸಲು ಹುಡುಗ ಒಪ್ಪಿದ. ಈಗ ಅದು ಕಟಕಟ ಎನ್ನದೆ, ನಿದ್ದೆಯಿಂದ ಎದ್ದವರ ಹಾಗೆ ಏಳುತ್ತದೆ, ನೋಡಿದವರು ಸುಮ್ಮನಾಗುತ್ತಾರೆ. ತೆಗೆದ ಹಳೆಯ ಮೋಟರನ್ನು ಹುಡುಗ ಬಿಸಾಡಲಿಲ್ಲ. ಒರೆಸಿ, ಹೋಟೆಲಿನ ಗಲ್ಲಾಪೆಟ್ಟಿಗೆಯ ಹತ್ತಿರ ತನ್ನ ಅಪ್ಪನ ಫೋಟೋದ ಕೆಳಗೆ ಇಟ್ಟುಕೊಂಡಿದ್ದಾನೆ. ಬಿಲ್ಲು ಕೊಡಲು ಬಂದವರು ಇದೇನು ಎಂದು ಕೇಳುತ್ತಾರೆ. ಅವನಿಗೆ ಹೇಳಲು ಅದೇ ಬೇಕು.

ಎಲ್ಲರಿಗೂ ಹಿಡಿಸಿತು ಎಂದೇನಲ್ಲ. ಸ್ವಲ್ಪ ದಿನಕ್ಕೆ ವಾಕಡದ ಕಡೆಯವನೇ ಇನ್ನೊಬ್ಬ, ಬೆಂಗಳೂರಿನ ಕನ್ನಡದವನು, ಪುಣೆಯಲ್ಲೇ ಬೆಳೆದವನು, ಹೆಂಡತಿ ಮಗಳ ಜೊತೆ ಬಂದಿದ್ದ. ಮೊದಲ ಸುತ್ತು ಮುಗಿದು ದೀಪ ಹತ್ತಿ, ಗಾಡಿ ಮುದುಕಿಯನ್ನು ದಾಟಿ ಅವಳ ಹಿಂಬದಿ ಕಂಡದ್ದೇ ತಡ, ನಿಲ್ಲಿಸಿ ಎಂದು ಕೂಗಿದ. ಗಾಡಿಯಿಂದ ಇಳಿದು ನೇರ ಇವರ ಹತ್ತಿರ ಬಂದ.

“ಅಂಕಲ್, ಯಾಕೆ ಹೀಗೆ ಮಾಡಿದ್ರಿ? ನಾನು ಚಿಕ್ಕವನಿದ್ದಾಗ ಆ ಮುದುಕಿ ನನ್ನ ಕನಸಲ್ಲಿ ಬರ್ತಿದ್ಲು. ಅವಳ ಹಿಂದೆ ಪೇಪರ್ ಇದೆ ಅಂತ ನಂಗೆ ಯಾಕೆ ತೋರಿಸಿದ್ರಿ? ನಂಗೆ ಅದು ಬೇಡ.”

ಅವನ ದನಿಯಲ್ಲಿ ಸಿಟ್ಟಿತ್ತು, ಸಿಟ್ಟಿನ ಕೆಳಗೆ ಬೇರೆ ಏನೋ ಇತ್ತು. ಇವರು ವಾದ ಮಾಡಲಿಲ್ಲ.

“ಖರೇ ಅದ ರೀ ನೀವು ಹೇಳೂದು,” ಎಂದರು. “ಬ್ಯಾಡ ಅನ್ನೋರಿಗೆ ತೋರಸಬಾರದಿತ್ತು. ಅದು ನಮಗ ಹೊಳಿಲಿಲ್ಲ.”

ಹುಡುಗ ಅಲ್ಲೇ ನಿಂತು ಕೇಳಿಸಿಕೊಂಡ. ಗಾಡಿ ನಿಲ್ಲುವ ಕಡೆ ಪಕ್ಕದಲ್ಲಿ ಒಂದು ಸಣ್ಣ ಬಾಗಿಲು ಇಡಿಸಿದ. ಕತ್ತಲೆಯ ಸುತ್ತು ಮುಗಿದ ಮೇಲೆ, ದೀಪ ಹತ್ತುವ ಮೊದಲು ಗಾಡಿ ಅಲ್ಲಿ ನಿಲ್ಲುತ್ತದೆ. ಬೇಡವಾದವರು ಇಳಿದು ಹೋಗಬಹುದು.

ಈಗಲೂ ತಿಂಗಳಿಗೊಮ್ಮೆ ನಾವು ಎಣ್ಣೆ ಹಾಕಲು ಹೋಗುತ್ತೇವೆ. ಇವರು ಒಳಗೆ ಇರುತ್ತಾರೆ, ನಾನು ಆ ಸಣ್ಣ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಗಾಡಿ ಬಂದು ನಿಲ್ಲುತ್ತದೆ. ಹೆಚ್ಚಾಗಿ ಅಪ್ಪ ಅಮ್ಮಂದಿರು ಇಳಿಯುತ್ತಾರೆ. ಕಣ್ಣು ಕಿರಿದು ಮಾಡಿಕೊಂಡು ಬಿಸಿಲಿಗೆ ಬಂದು, ಒಬ್ಬರನ್ನೊಬ್ಬರು ನೋಡಿ ನಗುತ್ತ, ಆಗ ನಿನಗೆ ಎಷ್ಟು ವಯಸ್ಸು, ನೀನು ಎಷ್ಟು ಅತ್ತಿದ್ದೆ ಎಂದು ಮಾತಾಡುತ್ತ ನಿಲ್ಲುತ್ತಾರೆ. ಮಕ್ಕಳು ಇಳಿಯುವುದಿಲ್ಲ. ಅಮ್ಮ ಬಾ ಎಂದು ಕೈ ಚಾಚಿದರೂ ಸರಳು ಹಿಡಿದು ಕೂತಿರುತ್ತವೆ. ಮೊನ್ನೆ ಒಬ್ಬ ಸಣ್ಣ ಹುಡುಗ ತನ್ನ ಅಪ್ಪನಿಗೆ, “ನೀವು ಹೊರಗೆ ನಿಂತಿರಿ, ನಾನು ನೋಡಿ ಬರುತ್ತೇನೆ, ಒಳಗೆ ಏನಿದೆ ಅಂತ ನಿಮಗೆ ಹೇಳುವುದಿಲ್ಲ,” ಎಂದ. ಅಪ್ಪ ಸರಿ ಎಂದು ಬಾಗಿಲು ಎಳೆದುಕೊಂಡ. ಗಾಡಿ ಮತ್ತೆ ಒಳಗೆ ಹೋಯಿತು.